ಮುಪ್ಪಿಗೊಂದು ಊರು

22 ಅಕ್ಟೋಬರ್ 2024, ಅಹಿಹಿಕ್, ಮೆಕ್ಸಿಕೊ

ಗ್ವಾದಲಹಾರದ ವಿಮಾನ ನಿಲ್ದಾಣ ಚಪಾಲಾ ರಸ್ತೆಯಲ್ಲೇ ಇರುವುದರಿಂದ ನಗರದೊಳಗೆ ಹೋಗದೆ ನೇರ ಇತ್ತ ಬರಬಹುದು. ಮುಕ್ಕಾಲು ಗಂಟೆಯ ದಾರಿ. ಗುಡ್ಡ ಇಳಿಯುವಾಗ ಚಪಾಲಾ ಸರೋವರ ಕಾಣಿಸಿತು. ಈ ದೇಶದಲ್ಲೇ ದೊಡ್ಡದು. ಎದುರು ದಂಡೆ ಬರೀ ಮಬ್ಬು ಗೆರೆ. ಮಳೆಗಾಲ ಈಗಷ್ಟೇ ಮುಗಿದಿದೆ, ಗುಡ್ಡಗಳೆಲ್ಲ ಹಸಿರು. ಸಮುದ್ರಮಟ್ಟದಿಂದ 1,500 ಮೀಟರ್ ಎತ್ತರ ಅಂತೆ. ಸ್ವೆಟರ್ ಬೇಡ, ಫ್ಯಾನೂ ಬೇಡ.

ಗೆಳತಿಯೂ ಅವಳ ಗಂಡನೂ ಇಲ್ಲಿಗೆ ಬಂದು ನೆಲೆಸಿದ್ದು 2018ರಲ್ಲಿ. ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್‌ನಲ್ಲಿ ಅವಳು ಹೆಡ್ ನರ್ಸ್, ನಾನು ಅದೇ ಆಸ್ಪತ್ರೆಯ ಫಾರ್ಮಸಿಯಲ್ಲಿ. ಅವಳ ಗಂಡ ಹೈಸ್ಕೂಲು ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದರು. ಹೊಸದರಲ್ಲಿ ಅವಳು ಕಳಿಸುತ್ತಿದ್ದ ಫೋಟೋಗಳಲ್ಲಿ ಬರೀ ಬೋಗನ್‌ವಿಲ್ಲಾ, ಸೂರ್ಯಾಸ್ತ. ಒಳ್ಳೆ ಹವಾ ಹುಡುಕಿಕೊಂಡು ಹೋದರು ಎಂದು ನಮ್ಮ ಕಡೆಯವರೆಲ್ಲ ಮಾತಾಡಿಕೊಂಡರು. ಕಾರಣ ಬೇರೆ ಇತ್ತು. ಅದಕ್ಕೆ ಹಿಂದಿನ ವರ್ಷ ಗಂಡನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿತ್ತು. ಅವತ್ತು ರಾತ್ರಿಯೇ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರಂತೆ.

ಆ ಲೆಕ್ಕ ಅಮೆರಿಕದಲ್ಲಿ ಅರುವತ್ತು ದಾಟಿದ ಯಾರಿಗೂ ಹೊಸದಲ್ಲ. ಮುದುಕರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಆಸ್ಪತ್ರೆಗೆ ಕೊಡುತ್ತದೆ, ಡಾಕ್ಟರಿಗೆ ಕೊಡುತ್ತದೆ, ಆಪರೇಷನ್ನಿಗೂ ಕೊಡುತ್ತದೆ. ದಿನಾ ಸ್ನಾನ ಮಾಡಿಸಲು, ತುತ್ತು ತಿನ್ನಿಸಲು, ರಾತ್ರಿ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಲು ವರ್ಷಗಟ್ಟಲೆ ಒಬ್ಬರು ಬೇಕು ಅಂದರೆ ಕೈಯೆತ್ತಿಬಿಡುತ್ತದೆ. ಅಸಿಸ್ಟೆಡ್ ಲಿವಿಂಗ್ ಎಂದರೆ ತಿಂಗಳಿಗೆ 5,000 ಡಾಲರ್ ಮೇಲೆ. ನರ್ಸಿಂಗ್ ಹೋಮಿನಲ್ಲಿ ಸ್ವಂತದ ಕೋಣೆ ಬೇಕಾದರೆ 9,000ಕ್ಕೂ ಮೇಲೆ. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯಿಂದ ನಿವೃತ್ತರಿಗೆ ಸರಾಸರಿ ಬರುವುದು ಈ ವರ್ಷ ತಿಂಗಳಿಗೆ 1,900 ಡಾಲರ್ ಆಸುಪಾಸು. ಮಿಕ್ಕದ್ದಕ್ಕೆ ಮನೆ ಮಾರಬೇಕು, ಕೂಡಿಟ್ಟ ಗಂಟು ಕರಗಿಸಬೇಕು. ಒಬ್ಬಂಟಿಯಾದವರ ಬಳಿ, ಓಹಿಯೋದಲ್ಲಾದರೆ, ಕಡೆಗೆ 2,000 ಡಾಲರ್ ಉಳಿದಾಗ ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಬಂದು ಕೈ ಹಿಡಿಯುತ್ತದೆ. ಜೀವಮಾನವೆಲ್ಲ ದುಡಿದವರನ್ನು ಮೊದಲು ಬರಿಗೈ ಮಾಡಿ ಆಮೇಲೆ ನೋಡಿಕೊಳ್ಳುವ ಈ ರೀತಿ ನನಗೆ ಅವತ್ತೂ ಒಪ್ಪಿಗೆಯಾಗಿರಲಿಲ್ಲ, ಇವತ್ತೂ ಇಲ್ಲ. ಅದೇ ದೇಶದ ಪ್ರಜೆಯಾಗಿ, ಅಲ್ಲಿ ತೆರಿಗೆ ಕಟ್ಟಿದವಳಾಗಿ ಈ ಮಾತು ಬರೆಯುತ್ತಿದ್ದೇನೆ.

ನಾನು ಹೋದಾಗ ಗೆಳತಿಯ ಗಂಡ ಕುರ್ಚಿಯಿಂದ ಏಳಲು ಹೊರಟರು. ಸಾಧ್ಯವಾಗಲಿಲ್ಲ. ಕಣ್ಣಲ್ಲೇ ಗುರುತು ಹಿಡಿದು ಮಾತಾಡಿಸಿದರು.

23 ಅಕ್ಟೋಬರ್, ಬುಧವಾರ

ಇಲ್ಲಿ ಬುಧವಾರ ಸಂತೆ. ತಿಯಾಂಗಿಸ್ ಅನ್ನುತ್ತಾರೆ. ಇಡೀ ಬೀದಿಗೆ ಟಾರ್ಪಾಲು ಕಟ್ಟಿ ಪಪ್ಪಾಯಿ, ಮುಳ್ಳು ಸವರಿದ ಪಾಪಸುಕಳ್ಳಿ, ಹುರಿದ ಸಣ್ಣ ಮೀನು, ಬಟ್ಟೆ, ಪಾತ್ರೆ, ಮೊಬೈಲ್ ಕವರು. ಕೊಳ್ಳಲು ಬಂದವರಲ್ಲಿ ಕಾಲುಭಾಗವಾದರೂ ಬಿಳಿಕೂದಲಿನ ಅಮೆರಿಕನ್ನರು, ಕೆನಡಾದವರು.

ಅವರು ಹೀಗೆ ಇಲ್ಲಿಗೆ ಬರುವುದು ಈಚಿನ ಗೀಳೇನಲ್ಲ. ಡಿ. ಎಚ್. ಲಾರೆನ್ಸ್ 1923ರಲ್ಲಿ ಪಕ್ಕದ ಚಪಾಲಾ ಪಟ್ಟಣದಲ್ಲಿ ಮನೆ ಹಿಡಿದು ಕಾದಂಬರಿ ಬರೆದಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮಾಜಿ ಸೈನಿಕರು ಸರ್ಕಾರದ ಖರ್ಚಿನಲ್ಲಿ ಗ್ವಾದಲಹಾರಕ್ಕೆ ಓದಲು ಬಂದರು, ಸರೋವರ ನೋಡಿದರು, ಕೆಲವರು ಉಳಿದರು. ಇಲ್ಲಿನ ವಿದೇಶಿಯರ ಸಂಘವಾದ ಲೇಕ್ ಚಪಾಲಾ ಸೊಸೈಟಿ ಶುರುವಾದದ್ದು 1955ರಲ್ಲಿ. ಅದರ ತೋಟ, ಪುಸ್ತಕ ಭಂಡಾರ ಇರುವ ಜಾಗ ನೀಲ್ ಜೇಮ್ಸ್ ಎಂಬ ಅಮೆರಿಕನ್ ಪ್ರವಾಸ ಲೇಖಕಿ ಕೊಟ್ಟದ್ದು. ಆಕೆ ನಲವತ್ತರ ದಶಕದಲ್ಲಿ ಬಂದವರು ಇಲ್ಲೇ ಮುದುಕಿಯಾಗಿ ಇಲ್ಲೇ ತೀರಿಕೊಂಡರು. ಊರಿನ ಮಕ್ಕಳಿಗೆ ಓದುವ ಕೋಣೆ ತೆರೆದದ್ದು ಆಕೆ. ಅಂಥವರ ನೆನಪಿಗೆ ಊರು ಕೈ ಮುಗಿಯುತ್ತದೆ.

ಸೊಸೈಟಿಯ ತೋಟದಲ್ಲಿ ಕಾಫಿ ಕುಡಿಯುತ್ತಿದ್ದವರ ಮಾತೆಲ್ಲ ಒಂದೇ: ನೆಲೆಸಲು ಯಾವ ದೇಶಕ್ಕೆ ಎಷ್ಟು ಹಣ ತೋರಿಸಬೇಕು. ಪನಾಮಾದವರು ಜೀವಮಾನದ ಪಿಂಚಣಿ ತಿಂಗಳಿಗೆ 1,000 ಡಾಲರ್ ಇದ್ದರೆ ಒಳಗೆ ಬಿಟ್ಟುಕೊಳ್ಳುತ್ತಾರೆ, ಅಲ್ಲಿ ಓಡುವುದೂ ಡಾಲರೇ. ಈಕ್ವೆಡಾರ್ ಕೂಡ 2000ದಿಂದ ಡಾಲರ್ ದೇಶ, ಆದರೆ ಕ್ವೆಂಕಾ ಪಟ್ಟಣ 2,500 ಮೀಟರ್ ಎತ್ತರ, ಹೃದಯದ ತೊಂದರೆ ಇದ್ದವರು ಯೋಚಿಸಬೇಕು. ಥಾಯ್ಲೆಂಡಿಗೆ ಐವತ್ತು ತುಂಬಿರಬೇಕು, ಬ್ಯಾಂಕಿನಲ್ಲಿ ಎಂಟು ಲಕ್ಷ ಬಾತ್ ಇಟ್ಟಿರಬೇಕು. ಪೋರ್ಚುಗಲ್ ಹೊಸಬರಿಗೆ ಕೊಡುತ್ತಿದ್ದ ಹಳೆಯ ತೆರಿಗೆ ರಿಯಾಯಿತಿಯನ್ನು ಈ ವರ್ಷದಿಂದ ನಿಲ್ಲಿಸಿದೆ.

ಮೆಕ್ಸಿಕೊದ ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. ತಾತ್ಕಾಲಿಕ ವಾಸದ ಪರವಾನಗಿಗೆ ತೋರಿಸಬೇಕಾದ ವರಮಾನ ಈಗ ತಿಂಗಳಿಗೆ 4,000 ಡಾಲರ್ ದಾಟಿದೆ. ಗೆಳತಿ, ಅವಳ ಗಂಡ ಬಂದಾಗ ಅದರ ಅರ್ಧವೂ ಇರಲಿಲ್ಲ. ಕಾರಣ, ಆ ಮೊತ್ತವನ್ನು ಇಲ್ಲಿನ ಕನಿಷ್ಠ ಕೂಲಿಗೆ ಗಂಟು ಹಾಕಿದ್ದಾರೆ. 2018ರಲ್ಲಿ ದಿನಕ್ಕೆ 88.36 ಪೆಸೊ ಇದ್ದ ಕೂಲಿ ಈ ವರ್ಷ 248.93 ಪೆಸೊ. ಮೇಜಿನಲ್ಲಿದ್ದ ಒಬ್ಬರು ಇದು ಅನ್ಯಾಯ ಎಂದರು. ಗಾರೆ ಕೆಲಸದವನ ಕೂಲಿ ಏರಿದ್ದು ಅನ್ಯಾಯ ಹೇಗೆ ಎಂದು ನಾನು ಕೇಳಿದೆ. ಅಷ್ಟಾದರೂ ಅದು ದಿನಕ್ಕೆ 12 ಡಾಲರ್‌ಗೆ ತುಸು ಮೇಲೆ, ಅಷ್ಟೇ.

ಸೋಷಿಯಲ್ ಸೆಕ್ಯುರಿಟಿ ಒಂದನ್ನೇ ನಂಬಿದ ಅಮೆರಿಕನ್ನನಿಗೆ ಈ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚಿದೆ ಅನ್ನುವುದೂ ನಿಜ. ಯಾರಿಗೆ ಹೊರದೇಶದ ಅಗ್ಗದ ಬದುಕು ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅರ್ಹತೆ ಕಳೆದುಕೊಳ್ಳುತ್ತಾರೆ.

26 ಅಕ್ಟೋಬರ್

ಗೆಳತಿಯ ಗಂಡನನ್ನು ನೋಡಿಕೊಳ್ಳುವ ಸೆನ್ಯೋರಾ ಬೆಳಿಗ್ಗೆ ಏಳೂವರೆಗೆ ಬರುತ್ತಾಳೆ. ಪಕ್ಕದ ಸಾನ್ ಹ್ವಾನ್ ಕೊಸಲಾದವಳು, ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಐವತ್ತರ ಆಚೀಚೆ. ಇವತ್ತು ಅವಳು ಅವರಿಗೆ ಅಂಗಿ ತೊಡಿಸುವುದನ್ನು ನೋಡುತ್ತ ಕೂತೆ.

ಮೊದಲು ಮಾತ್ರೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ನುಂಗಿದ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ಅರ್ಧ ಮುಕ್ಕಾಲು ಗಂಟೆ ಬೇಕು. ಮೊಟ್ಟೆ, ಬೀನ್ಸ್ ಕಾಳು ಇಂಥವನ್ನು ಅದರ ಜೊತೆಗೇ ಕೊಟ್ಟರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತವಳು, ಅವಳು ಅವರ ಮೈಯಿಂದ ಕಲಿತಿದ್ದಾಳೆ. ಮಾತ್ರೆ ಕೊಟ್ಟು ಕಿಟಕಿ ತೆಗೆದು ಹಾಸಿಗೆಯ ಹೊದಿಕೆ ಒದರಿ ಬರುವಷ್ಟರಲ್ಲಿ ಅವರ ಬೆರಳುಗಳು ಸ್ವಲ್ಪ ಸಡಿಲವಾಗಿರುತ್ತವೆ. ಆಗ ಬಲಗೈ ತೋಳು, ಆಮೇಲೆ ಎಡಗೈ. ಗುಂಡಿಗಳನ್ನು ಮೇಲಿನಿಂದ ಅವಳೇ ಹಾಕುತ್ತ ಬಂದು, ಕೊನೆಯ ಎರಡನ್ನು ಬಿಟ್ಟು ಎದುರು ಮಂಡಿಯೂರಿ ಕೂತಳು. ಅವರು ಹೆಬ್ಬೆರಳಿನಿಂದ ಗುಂಡಿ ಹುಡುಕಿದರು, ಕಾಜದ ಹತ್ತಿರ ತಂದರು, ಜಾರಿತು. ಮತ್ತೆ ತಂದರು. ಒಂದು ಕಾಲಕ್ಕೆ ವಾಲ್‌ನಟ್ ಮರದಲ್ಲಿ ಕೂದಲೆಳೆ ಸಂದೂ ಇಲ್ಲದ ಕೀಲು ಕೂರಿಸುತ್ತಿದ್ದ ಕೈ. ಅವಳು ಕೈ ಹಾಕಲಿಲ್ಲ, ಅವಸರವನ್ನೂ ಮಾಡಲಿಲ್ಲ. ಎರಡನೆಯದೂ ಬಿದ್ದ ಮೇಲೆ ಕಾಲರ್ ನೇರ ಮಾಡಿ ಎದ್ದಳು.

ಗೆಳತಿ ಇವಳನ್ನು ಐಎಂಎಸ್‌ಎಸ್‌ಗೆ, ಅಂದರೆ ಇಲ್ಲಿನ ಸಾಮಾಜಿಕ ವಿಮೆಗೆ ಸೇರಿಸಿದ್ದಾಳೆ. ಮನೆಗೆಲಸದವರಿಗೂ ಇದು ಈಗ ಕಡ್ಡಾಯ. ಡಿಸೆಂಬರ್‌ನಲ್ಲಿ ಅಗಿನಾಲ್ದೊ, ನಮ್ಮ ಬೋನಸ್ಸಿನ ಹಾಗೆ, ಕನಿಷ್ಠ ಹದಿನೈದು ದಿನದ ಸಂಬಳ. ರಜೆ ಬೇರೆ. ಈ ಬೀದಿಯ ಹಲವು ವಿದೇಶಿ ಮನೆಗಳಲ್ಲಿ ಇದ್ಯಾವುದೂ ಇಲ್ಲ ಎಂದಳು. ಕೇಳಿ ಸಿಟ್ಟು ಬಂತು. ತಿಂಗಳಿಗೆ ಸಾವಿರಾರು ಡಾಲರ್ ಉಳಿಯಿತು ಎಂದು ಹೇಳಿಕೊಳ್ಳುವವರು, ಆ ಉಳಿತಾಯ ಯಾರ ಬೆನ್ನಿನ ಮೇಲಿಂದ ಬಂತು ಎಂದು ಒಂದು ಸಲ ತಿರುಗಿ ನೋಡಬೇಕು.

ರಾತ್ರಿ ನಿದ್ದೆ ಬರಲಿಲ್ಲ. ಅಮ್ಮನ ನೆನಪು. ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ ಅಮ್ಮನ ಕಡೆಯ ವರ್ಷಗಳನ್ನು ಕಾಪಾಡಿದವಳು ನಂಜನಗೂಡು ಕಡೆಯ ಹೆಂಗಸು. ನಾನು ಓಹಿಯೋದಿಂದ ದುಡ್ಡು ಕಳಿಸುತ್ತಿದ್ದೆ. ಅಮ್ಮನಿಗೆ ಸೀರೆ ಉಡಿಸಿದವಳು, ತಲೆ ಬಾಚಿದವಳು, ಕೊನೆಗೆ ಬಾಯಿಗೆ ನೀರು ಬಿಟ್ಟವಳು ಅವಳು. ಅಮ್ಮ ಹೋದ ಮೇಲೆ ಇನ್ನೊಂದು ಮನೆ ಹುಡುಕಿಕೊಂಡು ಹೋದಳು. ಅವಳಿಗೆ ಪಿಂಚಣಿ ಇಲ್ಲ, ವಿಮೆ ಇಲ್ಲ. ಅವಳ ಮುಪ್ಪಿಗೆ ಯಾರು?

29 ಅಕ್ಟೋಬರ್

ಗೆಳತಿಯ ರಕ್ತದೊತ್ತಡದ ಮಾತ್ರೆ ತರಲು ಹೋದೆ. ಔಷಧಿ ಅಂಗಡಿಗೆ ಅಂಟಿಕೊಂಡಂತೆ ಡಾಕ್ಟರ ಕೋಣೆ, ನೂರು ಪೆಸೊಗೂ ಕಡಿಮೆ ಫೀಸು, ಹೊರಗೆ ಬೆಂಚಿನ ಮೇಲೆ ತಾಯಂದಿರು. ಬೀದಿಯಲ್ಲಿ ಬಿಳಿ ಮೀಸೆಯ ಡಾಕ್ಟರ ವೇಷ ತೊಟ್ಟ ಗೊಂಬೆ ಕುಣಿಯುತ್ತಿತ್ತು. ಆಂಟಿಬಯೋಟಿಕ್‌ಗೆ 2010ರಿಂದ ಚೀಟಿ ಬೇಕೇ ಬೇಕು. ಚೀಟಿ ತೋರಿಸದ ಒಬ್ಬ ಅಮೆರಿಕನ್ನನನ್ನು ಅಂಗಡಿಯ ಹುಡುಗಿ ನಯವಾಗಿಯೇ ವಾಪಸು ಕಳಿಸಿದಳು. ಸರಿಯಾಗಿ ಮಾಡಿದಳು.

ಈಗ ಮೆಡಿಕೇರ್ ಯೋಜನೆ ಬದಲಿಸಿಕೊಳ್ಳುವ ಕಾಲ, ಡಿಸೆಂಬರ್ 7ರವರೆಗೆ. ಬೀದಿಯಲ್ಲೆಲ್ಲ ಅದೇ ಚರ್ಚೆ. ಅಮೆರಿಕದ ಗಡಿ ದಾಟಿದರೆ ಮೆಡಿಕೇರ್ ಹೆಚ್ಚುಕಡಿಮೆ ನಿರುಪಯೋಗಿ. ಹಾಗಂತ ಅದರ ಪಾರ್ಟ್ ಬಿ, ಅಂದರೆ ಡಾಕ್ಟರ ಖರ್ಚಿನ ಭಾಗ, ಬಿಟ್ಟುಬಿಟ್ಟರೆ ಮುಂದೆ ವಾಪಸು ಹೋಗಿ ಸೇರುವಾಗ, ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡಾ 10ರಂತೆ ಕಂತಿನ ಮೇಲೆ ದಂಡ, ಅದೂ ಬದುಕಿರುವಷ್ಟು ಕಾಲ. ಈ ವರ್ಷದ ಕಂತು ತಿಂಗಳಿಗೆ 174.70 ಡಾಲರ್. ಎದುರು ಮನೆಯಾಕೆ ಬಂದ ವರ್ಷವೇ ಬಿಟ್ಟಿದ್ದಾರೆ; ಈಗ ಆಕೆಗೆ ಸ್ತನದಲ್ಲಿ ಗಂಟು. ಎಪ್ಪತ್ತು ದಾಟಿದ್ದರಿಂದ ಇಲ್ಲಿನ ಖಾಸಗಿ ವಿಮೆಯವರು ಸೇರಿಸಿಕೊಳ್ಳಲಿಲ್ಲ. ಐಎಂಎಸ್‌ಎಸ್ ಮೊದಲೇ ಇದ್ದ ದೊಡ್ಡ ಕಾಯಿಲೆಗಳನ್ನು ಹೊತ್ತು ಬರುವವರನ್ನು ಒಳಗೆ ಬಿಡುವುದಿಲ್ಲ.

ಗೆಳತಿ ಇಬ್ಬರ ಪಾರ್ಟ್ ಬಿ ಕಂತನ್ನೂ ಒಂದು ತಿಂಗಳೂ ತಪ್ಪಿಸದೆ ಕಟ್ಟುತ್ತ ಬಂದಿದ್ದಾಳೆ. ಬೀಳುವುದು, ಮೂಳೆ ಮುರಿಯುವುದು ಬಂದರೆ ಗ್ವಾದಲಹಾರ. ದೊಡ್ಡ ಆಪರೇಷನ್ ಬಂದರೆ ಟೆಕ್ಸಸ್. ಬದುಕಿಗೆ ಒಂದು ದೇಶ, ಕಾಯಿಲೆಗೆ ಇನ್ನೊಂದು ಎಂದು ಮೊದಲೇ ಹಂಚಿಕೊಂಡಿದ್ದಾರೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಸೋಷಿಯಲ್ ಸೆಕ್ಯುರಿಟಿಯವರು ಬದುಕಿದ್ದೀರಾ ಎಂದು ಕೇಳಿ ಕಳಿಸುವ ಫಾರಂ ತುಂಬುತ್ತಾಳೆ. ಅದು ಮರಳಿ ಹೋಗದಿದ್ದರೆ ಹಣ ನಿಲ್ಲುತ್ತದೆ. ವಿದೇಶಿ ಬ್ಯಾಂಕುಗಳಲ್ಲಿ ಒಟ್ಟು 10,000 ಡಾಲರ್ ಮೀರಿದರೆ ಅದಕ್ಕೂ ಒಂದು ವರದಿ. ಅಮೆರಿಕದ ಪ್ರಜೆ ಭೂಮಿಯ ಮೇಲೆ ಎಲ್ಲಿದ್ದರೂ ತೆರಿಗೆ ಲೆಕ್ಕ ಒಪ್ಪಿಸಬೇಕು. ಅವಳ ಅಡುಗೆಮನೆಯ ಒಂದು ಖಾನೆ ತುಂಬ ಈ ಕಾಗದಗಳೇ.

1 ನವೆಂಬರ್

ಇಂದು ರಾಜ್ಯೋತ್ಸವ, ನಾಳೆ ಬಲಿಪಾಡ್ಯಮಿ, ಇಲ್ಲಿ ಸತ್ತವರ ಹಬ್ಬ. ಈ ವರ್ಷ ಎಲ್ಲ ಒಟ್ಟಿಗೆ ಬಂದಿವೆ. ಊರೆಲ್ಲ ಚೆಂಡುಹೂವು. ಈ ಹೂವಿನ ತವರು ಈ ನೆಲವೇ. ಇಲ್ಲಿಂದ ಹೊರಟು ಸಮುದ್ರ ದಾಟಿ ನಮ್ಮ ಬಾಗಿಲ ತೋರಣಕ್ಕೆ ಏರಿದ್ದು. ಕಿತ್ತಳೆ ಬಣ್ಣದ ರಾಶಿ ಕಂಡು ದೇವರಾಜ ಮಾರುಕಟ್ಟೆಯ ಹೂವಿನ ಸಾಲು ನೆನಪಾಗಿ ಎರಡು ಮೊಳಕ್ಕಾಗುವಷ್ಟು ಕೊಂಡೆ. ಗೆಳತಿಯ ಬಾಗಿಲಿಗೆ ಕಟ್ಟಿ ಎರಡು ದೀಪ ಹಚ್ಚಿದೆ. ಸೆನ್ಯೋರಾ ಬಂದವಳು ನೋಡಿ, ಯಾರಿಗೆ ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಈ ದಿನ ಹೂವು ದೀಪ ಅಂದರೆ ತೀರಿಹೋದ ಯಾರಿಗೋ ಸಲ್ಲಬೇಕು. ಅಮ್ಮನಿಗೆ ಎಂದೆ.

ಸಂಜೆ ಚೌಕದ ಹತ್ತಿರ, ಶಾಲೆಯ ಗೋಡೆಯ ಮುಂದೆ ಜನವೋ ಜನ. ಆ ಗೋಡೆಯ ತುಂಬ ಮಣ್ಣಿನ ತಲೆಬುರುಡೆಗಳು, ಒಂದೊಂದರ ಮೇಲೆ ಊರಿನಲ್ಲಿ ಸತ್ತವರ ಹೆಸರು. ಎಫ್ರೆನ್ ಗೊನ್ಸಾಲೆಸ್ ಎಂಬ ಇಲ್ಲಿನ ಕಲಾವಿದರ ಕೆಲಸ. ಕತ್ತಲಾದ ಮೇಲೆ ದೀಪ ಹಚ್ಚುತ್ತಾರೆ. ಸೆನ್ಯೋರಾ ತನ್ನ ತಂದೆಯ ಹೆಸರಿದ್ದ ಬುರುಡೆಯನ್ನು ಮುಟ್ಟಿ ತೋರಿಸಿದಳು.

ಗೆಳತಿಯ ಗುಂಪಿನ ಒಬ್ಬ ಅಮೆರಿಕನ್ ವಿಧುರರು ಕಳೆದ ವಸಂತದಲ್ಲಿ ತೀರಿಕೊಂಡರಂತೆ. ಅವಳೇ ಮುಂದೆ ನಿಂತು ಎಲ್ಲ ನೋಡಿಕೊಂಡಳು. ಇಲ್ಲಿನ ಮರಣಪತ್ರ, ಅದನ್ನು ಹಿಡಿದು ಅಮೆರಿಕದ ಕಾನ್ಸುಲೇಟಿನಿಂದ ಇನ್ನೊಂದು ಪತ್ರ. ಆ ಎರಡನೆಯದು ಇದ್ದರೆ ಅಮೆರಿಕದ ಬ್ಯಾಂಕು, ವಿಮೆ, ಕೋರ್ಟು ಮಾತಾಡುತ್ತವೆ. ಶವ ದಹನಕ್ಕೆ ಯಾರು ಸಹಿ ಹಾಕಬೇಕು, ಮಗಳಿಗೆ ಯಾರು ಫೋನ್ ಮಾಡಬೇಕು, ನಾಯಿಯನ್ನು ಯಾರು ಸಾಕಬೇಕು, ಇದನ್ನೆಲ್ಲ ಅವರು ಬದುಕಿದ್ದಾಗಲೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹೊರದೇಶದಲ್ಲಿ ಮುದುಕರಾಗಲು ಬರುವವರು ಸಮುದ್ರ ದಂಡೆಯ ಫೋಟೋ ನೋಡುವ ಮುಂಚೆ ಆ ಒಂದು ಹಾಳೆ ಬರೆಯಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬರೆಯಲು ಕೂತಾಗ ಯಾರ ಹೆಸರು ಹಾಕುವುದು ಎಂದು ತೋಚದಿದ್ದರೆ ಆ ದೇಶ ಇನ್ನೂ ನಮ್ಮದಾಗಿಲ್ಲ.

3 ನವೆಂಬರ್

ಅಮೆರಿಕದಲ್ಲಿ ಇಂದು ಗಡಿಯಾರ ಹಿಂದಕ್ಕೆ. ಮೆಕ್ಸಿಕೊ 2022ರಲ್ಲೇ ಆ ಪದ್ಧತಿ ಕೈಬಿಟ್ಟಿದೆ. ಮಗನಿಗೆ ಫೋನ್ ಮಾಡಿದೆ. ನಿನ್ನೆಯವರೆಗೆ ಎರಡು ಗಂಟೆ ಮುಂದಿದ್ದವನು ಈಗ ಒಂದು ಗಂಟೆ ಮುಂದೆ. ‘ಅಲ್ಲೇ ಇದ್ದುಬಿಡ್ತೀಯೇನಮ್ಮಾ?’ ಎಂದ. ಮಾತಿನಲ್ಲಿ ಸ್ವಲ್ಪ ಭಯವಿತ್ತು.

ಸೆನ್ಯೋರಾಳ ಮಗಳಿಗೆ ಮದುವೆಯಾಗಿ ಎರಡು ಮಕ್ಕಳು. ಅಹಿಹಿಕ್‌ನಲ್ಲಿ ಹುಟ್ಟಿ ಬೆಳೆದ ಅವಳ ಗಂಡನಿಗೆ ಇಲ್ಲಿ ಬಾಡಿಗೆ ಕೊಡಲಾಗದೆ ಇಬ್ಬರೂ ಹೊಕೊತೆಪೆಕ್ ಕಡೆ ಹೋಗಿದ್ದಾರೆ. ಅವನ ಅಜ್ಜಿಮನೆ ಇದ್ದ ಬೀದಿಯಲ್ಲಿ ಈಗ ಬಾಡಿಗೆ ಫಲಕಗಳು ಇಂಗ್ಲಿಷಿನಲ್ಲಿ, ದರ ಡಾಲರಿನಲ್ಲಿ. ಈ ಜಾಗ ಕರಾವಳಿಯಿಂದಲೂ ಗಡಿಯಿಂದಲೂ ದೂರವಿರುವುದರಿಂದ ವಿದೇಶಿಯರು ಬ್ಯಾಂಕ್ ಟ್ರಸ್ಟ್ ಇಲ್ಲದೆ ನೇರ ತಮ್ಮ ಹೆಸರಿಗೇ ಮನೆ ಕೊಳ್ಳಬಹುದು. ಕೊಂಡಿದ್ದಾರೆ, ಕೊಳ್ಳುತ್ತಲೇ ಇದ್ದಾರೆ. ಗೆಳತಿ ಬಾಡಿಗೆ ಮನೆಯಲ್ಲೇ ಇದ್ದಾಳೆ, ಮಾಲೀಕರು ಈ ಊರಿನವರು. ಅದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಅವಳು ದೊಡ್ಡ ಮಾತಾಡುವುದಿಲ್ಲ. ಅಮೆರಿಕ ತನ್ನ ಮುದುಕರಿಗೆ ಮಾಡದ ಖರ್ಚನ್ನು ಸೆನ್ಯೋರಾಳ ಮಗಳ ಸಂಸಾರ ಬಾಡಿಗೆಯ ರೂಪದಲ್ಲಿ ತೀರಿಸುತ್ತಿದೆ. ನಾನು ಹಾಗೇ ನೋಡುತ್ತೇನೆ.

5 ನವೆಂಬರ್

ಅಮೆರಿಕದಲ್ಲಿ ಇಂದು ಚುನಾವಣೆ. ಗೆಳತಿಯ ಮತ ವಾರಗಳ ಹಿಂದೆಯೇ ಅಂಚೆಯಲ್ಲಿ ಹೋಗಿದೆ; ಹೊರದೇಶದಲ್ಲಿದ್ದರೂ ಕಡೆಗೆ ವಾಸವಿದ್ದ ರಾಜ್ಯದಲ್ಲಿ ಮತ ಉಳಿಯುತ್ತದೆ. ನಾನೂ ಹೊರಡುವ ಮುಂಚೆ ಹಾಕಿ ಬಂದೆ.

ಗೆಳತಿಯ ಗಂಡ ಇಲ್ಲಿಗೆ ಬಂದ ಮೇಲೆ ಸ್ಪ್ಯಾನಿಷ್ ಚೆನ್ನಾಗಿ ಕಲಿತಿದ್ದರಂತೆ. ಬಡಗಿಯ ಅಂಗಡಿಯಲ್ಲಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದರಂತೆ. ಕಳೆದ ವರ್ಷದಿಂದ ನೆನಪೂ ಮಸುಕಾಗುತ್ತಿದೆ, ಮೊದಲು ಹೋದದ್ದು ಸ್ಪ್ಯಾನಿಷ್. ಈಗ ಇಂಗ್ಲಿಷ್ ಮಾತ್ರ, ಅದರಲ್ಲೂ ಹುಡುಗನಾಗಿದ್ದಾಗಿನ ಹೊಲದ ಮನೆಯ ಇಂಗ್ಲಿಷ್. ಮಧ್ಯಾಹ್ನ ಏನೋ ಕೇಳಿದರು, ಸೆನ್ಯೋರಾಳಿಗೆ ಅರ್ಥವಾಗಲಿಲ್ಲ, ನೀರು ತಂದಳು, ಹೊದಿಕೆ ತಂದಳು. ಅವರು ಅಳತೊಡಗಿದರು. ಗೆಳತಿ ಅಂಗಡಿಗೆ ಹೋಗಿದ್ದಳು. ನಾನು ಹೋಗಿ ಕೇಳಿದೆ: ದನ ಒಳಗೆ ಕಟ್ಟಿದೆಯಾ ಎಂದು ಕೇಳುತ್ತಿದ್ದರು. ಕಟ್ಟಿದೆ ಎಂದೆ. ಸುಮ್ಮನಾದರು.

ಆಸ್ಪತ್ರೆಯಲ್ಲೂ ಇಂಥದ್ದನ್ನು ಕಂಡಿದ್ದೇನೆ. ಪೋಲೆಂಡಿನಿಂದ ಬಂದು ಐವತ್ತು ವರ್ಷ ಕಳೆದ ಮುದುಕಿ ಕಡೆಯಲ್ಲಿ ಪೋಲಿಷ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ನರ್ಸುಗಳು ಕೈ ಸನ್ನೆಯಲ್ಲಿ ಸಂಭಾಳಿಸಿದರು. ನನಗೆ ಹಾಗಾದರೆ ನಾನು ಕೇಳುವುದು ಕನ್ನಡದಲ್ಲಿ. ಕಾಫಿ ಸೋಸಾಯ್ತಾ ಎಂದೋ, ತುಳಸಿಗೆ ನೀರು ಹಾಕಿದ್ರಾ ಎಂದೋ. ಮಗನಿಗೆ ಅರ್ಥವಾಗುತ್ತದೆ. ಸೊಸೆಗೆ ಇಲ್ಲ, ಮೊಮ್ಮಕ್ಕಳಿಗಿಲ್ಲ. ಕೊಲಂಬಸ್‌ನ ಯಾವ ನರ್ಸಿಂಗ್ ಹೋಮಿನಲ್ಲಿ ಯಾರು ‘ಹಾಕಿದೆ ಕಣಮ್ಮ’ ಎನ್ನುತ್ತಾರೆ?

7 ನವೆಂಬರ್

ಇಲ್ಲೇ ಬಂದು ಇರು, ಪಕ್ಕದ ಮನೆ ಖಾಲಿಯಾಗುತ್ತದೆ ಎಂದು ಗೆಳತಿ ಒತ್ತಾಯ ಮಾಡಿದಳು. ಅವಳ ಜೊತೆ ಇರುವ ಆಸೆ ನಿಜವಾಗಿಯೂ ಇದೆ. ಬರುವುದಿಲ್ಲ ಎಂದೆ, ಕಾರಣವನ್ನೂ ಹೇಳಿದೆ. ಬೇಜಾರಾದಳು, ಒಪ್ಪಿದಳು. ಪ್ರತಿ ವರ್ಷ ಚಳಿಗಾಲವನ್ನು ಇಲ್ಲಿ ಕಳೆಯುವುದು ಎಂದು ಒಪ್ಪಂದವಾಯಿತು, ಕಾಲು ಗಟ್ಟಿ ಇರುವವರೆಗೆ.

ಮೈಸೂರಿಗೆ ತಮ್ಮನಿಗೆ ಕಾಗದ ಬರೆದೆ. ನಕಲು ಇಲ್ಲಿರಲಿ.

‘ಚಿರಂಜೀವಿ ತಮ್ಮನಿಗೆ, ಆಶೀರ್ವಾದಗಳು. ಕೆಳಗಿನ ಮನೆಯವರು ಮಾರ್ಚಿಗೆ ಬಿಡುತ್ತಾರೆ ಅಂದಿದ್ದೆಯಲ್ಲ, ಅದನ್ನು ಬೇರೆಯವರಿಗೆ ಕೊಡಬೇಡ, ನಾನು ಬರುತ್ತೇನೆ. ಒಸಿಐ ಕಾರ್ಡ್ ಇದೆ, ಇರುವುದಕ್ಕೆ ತೊಂದರೆಯಿಲ್ಲ; ಮತ ಹಾಕಲಾಗದು, ಹೊಲ ಕೊಳ್ಳಲಾಗದು, ಎರಡನ್ನೂ ಒಪ್ಪಿಕೊಂಡಿದ್ದೇನೆ. ಸೋಷಿಯಲ್ ಸೆಕ್ಯುರಿಟಿ ಅಲ್ಲಿಗೂ ಬರುತ್ತದೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಅದಕ್ಕೆ ತೆರಿಗೆ ಅಮೆರಿಕಕ್ಕೆ ಮಾತ್ರ. ಉಳಿದ ವರಮಾನಕ್ಕೆ ನಿಮ್ಮ ಆಡಿಟರ ಹತ್ತಿರ ನಾನೇ ಮಾತಾಡುತ್ತೇನೆ. ಮೆಡಿಕೇರ್ ಕಂತು ಕಟ್ಟುತ್ತಲೇ ಇರುತ್ತೇನೆ, ಮಗನ ಮನಸ್ಸಿಗೂ ಅದು ಸಮಾಧಾನ. ಬಾಡಿಗೆ ಬೇರೆಯವರು ಎಷ್ಟು ಕೊಡುತ್ತಿದ್ದರೋ ಅಷ್ಟನ್ನು ನನ್ನಿಂದ ತಗೋ, ಅಕ್ಕ ಅಂತ ಸಂಕೋಚ ಬೇಡ.

ಬಚ್ಚಲ ಹೊಸ್ತಿಲು ಎತ್ತರ ಇದೆ, ಅದನ್ನು ಒಡೆಸಿ ಗಾಲಿಕುರ್ಚಿ ಹೋಗುವಷ್ಟು ಅಗಲ ಮಾಡಿಸು. ನನಗೆ ಈಗ ಬೇಡ. ಬೇಕಾದಾಗ ಗಾರೆಯವರನ್ನು ಹುಡುಕುವ ಹಾಗಾಗಬಾರದು.

ಅಮ್ಮನನ್ನು ನೋಡಿಕೊಂಡವಳು ಈಗ ಎಲ್ಲಿದ್ದಾಳೆ ಎಂದು ವಿಚಾರಿಸು. ಅವಳಿಗೂ ಅರುವತ್ತಾಗಿರಬೇಕು, ದುಡಿಯಲು ಕರೆಯುತ್ತಿಲ್ಲ. ತಿಂಗಳು ತಿಂಗಳು ಅವಳ ಹೆಸರಿಗೆ ಹಣ ಹೋಗುವಂತೆ ಬ್ಯಾಂಕಿನಲ್ಲಿ ಏನು ಮಾಡಬೇಕು ಕೇಳಿಕೊಂಡು ಬಾ. ನನ್ನ ಕೆಲಸಕ್ಕೆ ಮುಂದೆ ಯಾರು ಬಂದರೂ ಸಂಬಳ, ವಾರದ ರಜೆ, ವಿಮೆ ಮೊದಲೇ ಬರೆದುಕೊಟ್ಟು ಇಟ್ಟುಕೊಳ್ಳುವುದು. ನಿನ್ನ ಹೆಂಡತಿಗೆ ಈ ಮಾತನ್ನು ಓದಿ ಹೇಳು. ನೀವಿಬ್ಬರೂ ಒಪ್ಪಿದರೆ ಏಪ್ರಿಲ್‌ಗೆ ಟಿಕೆಟ್ ತೆಗೆಸುತ್ತೇನೆ.’